ಬಾಗಿಲಿಗೆ ಸುತ್ತಿದ ಬಟ್ಟೆ

ನಮ್ಮ ಅತ್ತೆ ಒಂದು ಕಡೆ ಸುಮ್ಮನೆ ಕೂತರೆಂದರೆ ಅವರಿಗೆ ಜ್ವರ ಬಂದಿದೆ ಎಂದೇ ಅರ್ಥ. ಬೆಳಿಗ್ಗೆ ಎದ್ದವರು ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಮತ್ತೆ ಹಾಲಿಗೆ ಓಡಾಡುತ್ತಲೇ ಇರುತ್ತಾರೆ. ನಡುವೆ ಕುರ್ಚಿ ಸಿಕ್ಕರೆ ಅದನ್ನು ಒರೆಸುತ್ತಾರೆಯೇ ಹೊರತು ಅದರ ಮೇಲೆ ಕೂರುವುದಿಲ್ಲ. ಮಧ್ಯಾಹ್ನ ಸ್ವಲ್ಪ ಮಲಗಿ ಅಂದರೆ ಮಲಗುತ್ತಾರೆ, ಕಣ್ಣು ಬಿಟ್ಟುಕೊಂಡು. ಚಾವಣಿ ನೋಡುತ್ತ, ಮಂಚದ ಅಂಚನ್ನು ಬೆರಳಿನಿಂದ ಟಕಟಕ ಬಡಿಯುತ್ತ ಬಿದ್ದುಕೊಂಡಿರುತ್ತಾರೆ. ಕಾಲಿಗೆ ಚಕ್ರ ಕಟ್ಟಿಕೊಂಡವರು ಎನ್ನುತ್ತಾರಲ್ಲ, ಇವರದು ಬರೀ ಚಕ್ರವಲ್ಲ, ಇಡೀ ಗಾಡಿ.

ಇಂಥವರ ಜೊತೆ ಒಂದೇ ಸೂರಿನಡಿ ಬದುಕುವುದು ಸುಲಭವಲ್ಲ. ನಾನೂ ಅಂಥ ತಣ್ಣನೆಯ ಹೆಂಗಸೇನಲ್ಲ. ಆದರೂ ಹೇಳಿಬಿಡುತ್ತೇನೆ, ನನಗೆ ಅವರೆಂದರೆ ಪ್ರಾಣ. ನಮ್ಮ ಯಜಮಾನರಿಗೆ ಇದು ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ತಾಯಿ ಮತ್ತು ಹೆಂಡತಿ ಜಗಳವಾಡುತ್ತಿದ್ದರೆ ಆ ಮನುಷ್ಯನಿಗೆ ಲೋಕ ಸರಿಯಾಗಿ ನಡೆಯುತ್ತಿದೆ ಎಂಬ ಧೈರ್ಯ.

ಅತ್ತೆ ನೇಯ್ಗೆ ಗಿರಣಿಯವರು. ಮದುವೆಗೆ ಮುಂಚೆಯೇ ಸೇರಿದ್ದು. ಮಗ ಹುಟ್ಟಿದರೂ ಬಿಡಲಿಲ್ಲ, ಮಾವ ತೀರಿಕೊಂಡರೂ ಬಿಡಲಿಲ್ಲ. ಕೊನೆಗೆ ಗಿರಣಿಯೇ ಅವರನ್ನು ಬಿಟ್ಟಿತು. ನನ್ನ ಮದುವೆಯಾದ ಹೊಸದರಲ್ಲಿ, ಒಂದು ದಿನ ಅವರು ಮರೆತುಹೋದ ಊಟದ ಡಬ್ಬಿ ಹಿಡಿದುಕೊಂಡು ನಾನು ಆ ಶೆಡ್ಡಿನ ಬಾಗಿಲು ತಳ್ಳಿದೆ. ಎದೆಗೆ ಯಾರೋ ಗುದ್ದಿದ ಹಾಗಾಯಿತು. ಸಾಲುಸಾಲು ವಿದ್ಯುತ್ ಮಗ್ಗಗಳು, ಒಂದೊಂದರಲ್ಲೂ ಲಾಳಿ ಆ ತುದಿಯಿಂದ ಈ ತುದಿಗೆ ನೂಲು ಎಳೆದುಕೊಂಡು ಬಡಿಯುತ್ತಿದೆ, ನೆಲ ನಡುಗುತ್ತಿದೆ, ಗಾಳಿಯ ತುಂಬ ಹತ್ತಿಯ ಧೂಳು. 'ಅತ್ತೆ' ಎಂದು ಕೂಗಿದ್ದು ನನಗೇ ಕೇಳಿಸಲಿಲ್ಲ. ಆ ಗದ್ದಲದಲ್ಲಿ ಅತ್ತೆ ತಮ್ಮ ಮಗ್ಗದ ಮುಂದೆ ನಿಂತು ಎದುರು ಸಾಲಿನ ಹೆಂಗಸಿನ ಜೊತೆ ಆರಾಮಾಗಿ ಹರಟೆ ಹೊಡೆಯುತ್ತಿದ್ದರು. ಬಾಯಿ ಆಡುತ್ತಿತ್ತು, ದನಿ ಇರಲಿಲ್ಲ.

ಅದಕ್ಕೆ ಅವರು ತುಟಿಮಾತು ಎನ್ನುತ್ತಿದ್ದರು. ತುಟಿ ಅಗಲಿಸಿ, ಒಂದೊಂದು ಅಕ್ಷರಕ್ಕೂ ಬಾಯಿಯನ್ನು ಪೂರ್ತಿ ತಿರುಗಿಸಿ, ಹುಬ್ಬು ಗಲ್ಲ ಎಲ್ಲ ಸೇರಿಸಿ ಆಡುವ ಮಾತು. ಬೇರೆ ಜನ ಗುಟ್ಟು ಹೇಳಬೇಕೆಂದರೆ ಮೂಲೆ ಹುಡುಕುತ್ತಾರೆ. ಗಿರಣಿಯವರಿಗೆ ಗದ್ದಲವೇ ಮೂಲೆ. ಯಾರು ಬಸುರಿ, ಯಾರ ಗಂಡ ಕುಡಿದು ಬಂದ, ಯಾರಿಗೆ ಯಾರ ಮೇಲೆ ಮನಸ್ಸು, ಎಲ್ಲವನ್ನೂ ಮಗ್ಗ ಓಡುವಾಗಲೇ ಹೇಳಿಕೊಳ್ಳುತ್ತಿದ್ದರು. ಊಟದ ಬಿಡುವಿಗೆ ಮಗ್ಗ ನಿಂತರೆ ಎಲ್ಲರ ಬಾಯಿಗೂ ಬೀಗ. ಮೇಲ್ವಿಚಾರಕ ಎದುರಿಗೇ ಬಂದು ನಿಂತರೆ ನಗುನಗುತ್ತ ಅವನ ವಂಶವನ್ನೆಲ್ಲ ಜಾಲಾಡುತ್ತಿದ್ದರಂತೆ. ಆ ಪುಣ್ಯಾತ್ಮ ತಿರುಗಿ ನಗುತ್ತಿದ್ದನಂತೆ.

ಎದುರು ಸಾಲಿನ ಆ ಹೆಂಗಸೇ ಲಾಳಿಯಕ್ಕ. ಮಗ್ಗದಿಂದ ಮಗ್ಗಕ್ಕೆ ಓಡುತ್ತಿದ್ದ ವೇಗ ನೋಡಿ ಯಾರೋ ಇಟ್ಟ ಹೆಸರು ಅಂಟಿಕೊಂಡಿತು. ಅತ್ತೆಯ ಬದುಕಿನ ಗುಟ್ಟುಗಳೆಲ್ಲ ಆಕೆಯ ಹೊಟ್ಟೆಯಲ್ಲಿವೆ. ಈಗ ಆಕೆ ಊರಿನ ಆ ತುದಿಯಲ್ಲಿ, ತಗಡು ಬಡಿಯುವ ವರ್ಕ್‌ಶಾಪೊಂದರ ಮೇಲಿನ ಕೋಣೆಯಲ್ಲಿ ಒಬ್ಬರೇ ಇದ್ದಾರೆ.

ನಾನು ತುಟಿಮಾತು ಕಲಿತದ್ದು ಮಗಳು ಹುಟ್ಟಿದಾಗ. ಎಲೆ ಅಲುಗಿದರೂ ಎದ್ದು ಕಿರುಚುವ ಕೂಸು ಅದು. ಅತ್ತೆ ಪಾಳಿ ಮುಗಿಸಿ ಬಂದು ತೊಟ್ಟಿಲಿನ ಆ ಕಡೆ ಕೂರುತ್ತಿದ್ದರು, ನಾನು ಈ ಕಡೆ. ಮೊದಲು 'ಹಾಲು', 'ನೀರು', 'ಮಲಗಿತು' ಎನ್ನುವುದು ಬಂತು, ಆಮೇಲೆ ಪೂರ್ತಿ ವಾಕ್ಯ, ಆಮೇಲೆ ಜಗಳ. ದನಿಯೇ ಇಲ್ಲದೆ ನಾವಿಬ್ಬರೂ ಆಡಿದ ಜಗಳಗಳನ್ನು ಬೇರೆ ಯಾವ ಅತ್ತೆ ಸೊಸೆಯೂ ಆಡಿರಲಾರರು. ಮಗಳಿಗೆ ಮಾತ್ರ ಆ ಭಾಷೆ ಬರುವುದಿಲ್ಲ. ಅವಳು ನಿದ್ದೆ ಮಾಡುತ್ತಿದ್ದಾಗ ನಡೆದ ಪಾಠ, ಅವಳಿಗೆ ಹೇಗೆ ಬಂದೀತು?

ಗಿರಣಿ ಮುಚ್ಚಿದಾಗ ನಾನೊಂದು ತೀರ್ಮಾನ ಮಾಡಿದೆ. ಈ ಜೀವ ಇಷ್ಟು ವರ್ಷ ಸದ್ದಿನಲ್ಲಿ ಬೆಂದಿದೆ, ಇನ್ನಾದರೂ ನೆಮ್ಮದಿಯಾಗಿರಲಿ ಎಂದು. ಹೇಳುವುದು ಮರೆತೆ, ನಾನು ಶಾಲೆಯ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಬಾಯಿ ಮೇಲೆ ಬೆರಳಿಟ್ಟು 'ಶ್' ಎನ್ನುವುದಕ್ಕೇ ನನಗೆ ಸಂಬಳ. 'ಮಾತು ಬೆಳ್ಳಿ, ಮೌನ ಬಂಗಾರ' ಎಂದು ನನ್ನ ಮೇಜಿನ ಹಿಂದೆಯೇ ಬರೆದು ಅಂಟಿಸಿದ್ದೇನೆ. ಆ ಬಂಗಾರವನ್ನೆಲ್ಲ ಮನೆಗೆ ಹೊತ್ತು ತಂದೆ. ಬಾಗಿಲು ಧಡಾರೆನ್ನದ ಹಾಗೆ ಅಂಚಿಗೆಲ್ಲ ಹಳೆ ಬಟ್ಟೆ ಸುತ್ತಿದೆ. ಕುರ್ಚಿಯ ಕಾಲಿಗೆ ರಬ್ಬರ್ ತೊಡಿಸಿದೆ. ಟಿವಿಯ ಬಾಯಿ ಕಟ್ಟಿದೆ. ಮಗಳಿಗೆ ಡ್ರಮ್ ಹುಚ್ಚು ಹತ್ತಿತ್ತು. ಕಲಿಸುವ ಮೇಷ್ಟ್ರ ಬಳಿಯೇ ಡ್ರಮ್ ಸೆಟ್ ಇರಲಿ, ಮನೆಯಲ್ಲಿ ದಿಂಬಿನ ಮೇಲೆ ಬಾರಿಸು ಎಂದೆ. ಯಜಮಾನರು ನೀರಿನ ಪಂಪ್‌ಹೌಸಿನ ಪಾಳಿ ಮುಗಿಸಿಕೊಂಡು ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬರುತ್ತಿದ್ದರು. ಸೂಜಿ ಬಿದ್ದರೆ ಯಾರು ಬೀಳಿಸಿದ್ದು ಎಂದು ನಾನು ವಿಚಾರಣೆ ಮಾಡುತ್ತಿದ್ದೆ.

ಇಷ್ಟಾದರೂ ಅತ್ತೆಯ ಓಡಾಟ ಹೆಚ್ಚುತ್ತಲೇ ಹೋಯಿತು. ಕಣ್ಣ ಕೆಳಗೆ ಕಪ್ಪು. ಡಾಕ್ಟರು ವಿಶ್ರಾಂತಿ ಸಾಲದು ಎಂದರು. ನಾನು ಇನ್ನಷ್ಟು ಬಟ್ಟೆ ಸುತ್ತಿದೆ.

ಒಂದು ದಿನ ಅವರ ಮಂಚದ ಕೆಳಗೆ ಗುಡಿಸುವಾಗ ಪೊರಕೆಗೆ ಏನೋ ತಾಗಿತು. ಎಳೆದರೆ ಅವರ ಹಳೆಯ ಗಿರಣಿ ಚೀಲ. ಒಳಗೆ ಮಡಿಸಿಟ್ಟ ಬಟ್ಟೆ, ಬಾಚಣಿಗೆ, ಬಿ.ಪಿ. ಮಾತ್ರೆ, ಟವೆಲಿನಲ್ಲಿ ಸುತ್ತಿದ ಮಾವನ ಫೋಟೊ. ಮಾವನ ಫೋಟೊ ಗೋಡೆಯಿಂದ ಇಳಿದದ್ದು ನಮ್ಮ ಗಮನಕ್ಕೇ ಬಂದಿರಲಿಲ್ಲ. ಅತ್ತೆ ಹೊರಟು ನಿಂತಿದ್ದಾರೆ. ನಮ್ಮನ್ನು ಬಿಟ್ಟು.

ಚೀಲವನ್ನು ಇದ್ದ ಹಾಗೇ ಒಳಗೆ ತಳ್ಳಿದೆ. ಕೇಳಲಿಲ್ಲ. ಕೇಳಿದರೆ, ಹೌದಮ್ಮ ಎಂದುಬಿಟ್ಟರೆ? ನಾನೇನು ಕಡಿಮೆ ಮಾಡಿದ್ದೆ? ಅಂದಿದ್ದು ಆಡಿದ್ದು ಎಲ್ಲ ನೆನಪಿಸಿಕೊಂಡೆ, ಹಳೆ ಜಗಳಗಳನ್ನೆಲ್ಲ ಒಂದೊಂದಾಗಿ ತಿರುವಿ ನೋಡಿದೆ, ಯಾವುದರಲ್ಲೂ ಮನೆ ಬಿಟ್ಟು ಹೋಗುವಂಥದ್ದು ಸಿಗಲಿಲ್ಲ. ಆಮೇಲೆ ಸಿಟ್ಟು ಬಂತು. ಹೋಗುವವರು ಹೋಗಲಿ, ಯಾರು ಹಿಡಿದುಕೊಂಡಿದ್ದಾರೆ ಎಂದುಕೊಂಡೆ. ಅಂದುಕೊಂಡೆ ಅಷ್ಟೇ. ದಿನಾ ಕೆಲಸದಿಂದ ಬಂದವಳು ಕೈಕಾಲು ತೊಳೆಯುವ ಮೊದಲು ಅವರ ಮಂಚದ ಕೆಳಗೆ ಬಗ್ಗಿ ನೋಡುತ್ತಿದ್ದೆ. ಚೀಲ ಇದ್ದರೆ ಅತ್ತೆ ಇದ್ದಾರೆ. ಈ ಬಿಸಿತುಪ್ಪವನ್ನು ಯಜಮಾನರಿಗೂ ಹೇಳಲಾರದೆ, ಒಬ್ಬಳೇ ನುಂಗಲೂ ಆಗದೆ ಉಗುಳಲೂ ಆಗದೆ ತಿರುಗುತ್ತಿದ್ದೆ.

ಆ ಹೊತ್ತಿಗೇ ಬಂತು ರಾಕ್ ಕಾರ್ಯಕ್ರಮ. ಊರ ಹೊರಗಿನ ದೊಡ್ಡ ಒಳಾಂಗಣ ಕ್ರೀಡಾಂಗಣದಲ್ಲಿ, ಮಗಳು ಗೋಡೆ ತುಂಬ ಚಿತ್ರ ಅಂಟಿಸಿಕೊಂಡಿದ್ದ ತಂಡ. ಡ್ರಮ್ ಮೇಷ್ಟ್ರು ನಮಗೆ ಟಿಕೆಟ್ ಹೊಂದಿಸಿ ಕೊಟ್ಟಿದ್ದರು, ಎರಡು ಈ ಕಡೆಯ ಬ್ಲಾಕಿನಲ್ಲಿ, ಎರಡು ಎದುರು ಕಡೆಯ ಬ್ಲಾಕಿನಲ್ಲಿ. ಯಜಮಾನರಿಗೆ ಅವತ್ತು ಪಾಳಿ.

"ಹಾಗಾದ್ರೆ ಇನ್ನೆರಡು ಟಿಕೆಟ್ ವಾಪಸ್ ಕೊಡೋಣ," ಎಂದೆ ನಾನು.

"ಯಾಕೆ ವಾಪಸ್ಸು? ನಾನು ಬರ್ತೀನಿ," ಎಂದರು ಅತ್ತೆ.

ನಾವೆಲ್ಲ ತಟ್ಟೆ ಬಿಟ್ಟು ಅವರ ಮುಖ ನೋಡಿದೆವು.

"ಅತ್ತೆ, ಅಲ್ಲಿ ಕಿವಿ ಹರಿದುಹೋಗೋ ಹಾಗೆ ಬಾರಿಸ್ತಾರೆ."

"ಬಾರಿಸ್ಲಿ ಬಿಡು. ನನ್ನ ಕಿವಿ ಹರಿಯೋದಕ್ಕೆ ಇನ್ನೇನು ಉಳಿದಿದೆ? ಲಾಳಿನೂ ಕರ್ಕೊಂಡು ಬರ್ತೀನಿ. ನೀವಿಬ್ರು ಒಂದು ಕಡೆ ಕೂತ್ಕೊಳ್ಳಿ, ನಾವಿಬ್ರು ಒಂದು ಕಡೆ."

ಲಾಳಿಯಕ್ಕನ ಹೆಸರು ಬಂದ ಕೂಡಲೇ ನನ್ನ ಕಣ್ಣು ಅವರ ಮಂಚದ ಕಡೆ ಹೋಯಿತು. ಚೀಲ ಹೋಗುವುದು ಎಲ್ಲಿಗೆ ಎಂದು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಈಗ ಹೊಳೆಯಿತು.

ಆ ಸಂಜೆ ಕ್ರೀಡಾಂಗಣದ ಹೊರಗೆ ಕಬ್ಬಿಣದ ಸರಳುಗಳ ನಡುವೆ ಸಾಲು ನಿಂತೆವು. ಸುತ್ತ ಕರಿ ಅಂಗಿಯ ಹುಡುಗ ಹುಡುಗಿಯರು, ನಡುವೆ ಲಾಳಿಯಕ್ಕ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಪಂದ್ಯಕ್ಕೆ ಬಂದವರ ಹಾಗೆ. ಬಾಗಿಲಲ್ಲಿ ಚೀಲ ತಪಾಸಣೆ ಮಾಡಿ, ನೀರಿನ ಬಾಟಲಿಯ ಮುಚ್ಚಳ ಕಿತ್ತುಕೊಂಡು, ಎಲ್ಲರ ಮಣಿಕಟ್ಟಿಗೂ ಕಾಗದದ ಪಟ್ಟಿ ಸುತ್ತಿದರು. ಆಸ್ಪತ್ರೆಗೆ ಸೇರಿಸೋ ಹಾಗಿದೆಯಲ್ಲೇ ಎಂದು ಲಾಳಿಯಕ್ಕ ನಕ್ಕರು. ನಾನು ಮನೆಯಿಂದ ತಂದಿದ್ದ ಹತ್ತಿಯನ್ನು ಅತ್ತೆಯ ಕಿವಿಗೆ ನನ್ನ ಕೈಯಾರೆ ತುರುಕಿದೆ. ಅವರು ತಲೆ ಬಗ್ಗಿಸಿ ಸುಮ್ಮನೆ ತುರುಕಿಸಿಕೊಂಡರು. ಆಮೇಲೆ ಇಬ್ಬರೂ ಕೈ ಕೈ ಹಿಡಿದುಕೊಂಡು ಎದುರು ಬ್ಲಾಕಿನ ಬಾಗಿಲಿಗೆ ಹೋದರು. ತಿರುಗಿ ನೋಡಲಿಲ್ಲ.

ಒಳಗೆ ಪ್ಲಾಸ್ಟಿಕ್ ಕುರ್ಚಿಗಳು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದಿದ್ದವು. ಕೆಳಗೆ ನಿಂತ ಜನ ಅಲುಗಾಡುತ್ತಿದ್ದರು. ವೇದಿಕೆಯ ಎರಡೂ ಪಕ್ಕ ಮಾಳಿಗೆ ಮನೆಯಷ್ಟು ಎತ್ತರದ ಸ್ಪೀಕರುಗಳು, ನಡುವೆ ಗೋಡೆಯಷ್ಟು ದೊಡ್ಡ ಪರದೆ. ನನ್ನ ಒಂದು ಪಕ್ಕ ಮಗಳು, ಅವಳ ಆಚೆ ಡ್ರಮ್ ಮೇಷ್ಟ್ರು. ಎದುರು ಬ್ಲಾಕು ಅಷ್ಟು ದೂರದಲ್ಲಿ ಬರೀ ತಲೆಗಳ ರಾಶಿ. ಅದರಲ್ಲಿ ಅತ್ತೆಯನ್ನು ಹುಡುಕುತ್ತ ಕುರ್ಚಿಯ ಅಂಚಿಗೆ ಬಂದು ಕೂತೆ.

ದೀಪ ಆರಿತು. ಜನ ಹೋ ಎಂದರು. ಮೊದಲ ಏಟು ಬಿತ್ತು ನೋಡಿ, ನನಗೆ ಗಿರಣಿಯ ಬಾಗಿಲು ತಳ್ಳಿದ ದಿನ ನೆನಪಾಯಿತು. ಅದೇ ಗುದ್ದು, ಅದೇ ನೆಲದ ನಡುಕ. ಸದ್ದು ಕಿವಿಯಿಂದ ಬರಲಿಲ್ಲ, ಕುರ್ಚಿಯಿಂದ ಬೆನ್ನಿಗೆ ಬಂತು. ಮಗಳು ಎದ್ದು ನಿಂತು ಗಾಳಿಯಲ್ಲೇ ಡ್ರಮ್ ಬಾರಿಸತೊಡಗಿದಳು. ದಿಂಬಿನ ಮೇಲೆ ಬಾರಿಸುವಾಗ ಒಂದು ದಿನವೂ ಆ ಮುಖ ನೋಡಿರಲಿಲ್ಲ. ನನಗೆ ಮಾತ್ರ ಹಾಡೂ ಬೇಡ, ಪಾಡೂ ಬೇಡ, ಯಾವಾಗ ಮುಗಿದೀತು, ಅತ್ತೆ ನಮ್ಮ ಜೊತೆ ಮನೆಗೆ ಬಂದಾರೇ ಇಲ್ಲವೇ ಎಂಬುದೇ ಚಿಂತೆ.

ಹಾಡು ನಡೆಯುತ್ತಿದ್ದಾಗಲೇ ಉದ್ದ ಕೈಯ ಕ್ಯಾಮೆರಾವೊಂದು ಜನರ ಮೇಲೆ ತೂಗಾಡುತ್ತ ಒಬ್ಬೊಬ್ಬರನ್ನೇ ಹಿಡಿದು ಪರದೆಯ ಮೇಲೆ ಹಾಕುತ್ತಿತ್ತು. ತಮ್ಮ ಮುಖ ಕಂಡವರು ಕುಣಿಯುತ್ತಿದ್ದರು, ಮುಚ್ಚಿಕೊಳ್ಳುತ್ತಿದ್ದರು. ಹಾಗೇ ಒಮ್ಮೆ ಗಿಟಾರಿನವನು ಭರ್ಜರಿಯಾಗಿ ತಂತಿ ಎಳೆಯುತ್ತಿದ್ದಾಗ ಜನ ಇದ್ದಕ್ಕಿದ್ದಂತೆ ಸಿಳ್ಳೆ ಹಾಕಿದರು. ತಲೆ ಎತ್ತಿದೆ. ಪರದೆಯ ತುಂಬ ನಮ್ಮ ಅತ್ತೆ.

ಪಕ್ಕದಲ್ಲಿ ಲಾಳಿಯಕ್ಕ. ಅಷ್ಟು ಹುಡುಗರ ನಡುವೆ ಎರಡು ನರೆತ ತಲೆ ಕಂಡು ಕ್ಯಾಮೆರಾದವನಿಗೆ ಖುಷಿಯಾಗಿರಬೇಕು, ಬಿಡಲೇ ಇಲ್ಲ. ಅತ್ತೆಯ ಕಿವಿಯಲ್ಲಿ ಹತ್ತಿ ಇರಲಿಲ್ಲ. ಇಬ್ಬರೂ ಪರದೆಯ ಕಡೆ ನೋಡುತ್ತಿರಲಿಲ್ಲ, ಮಗ್ಗದ ಮುಂದೆ ನಿಂತವರ ಹಾಗೆ ಮುಖಕ್ಕೆ ಮುಖ ಕೊಟ್ಟು ಕೂತಿದ್ದರು. ತುಟಿಮಾತು ನಡೆದಿತ್ತು. ಗಿರಣಿಯವರ ಬುದ್ಧಿ ನೋಡಿ. ಇಷ್ಟು ಗದ್ದಲವಿದೆ, ಇನ್ನು ಯಾರ ಭಯ ಎಂದು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಬಿಚ್ಚಿ ಕೂತಿದ್ದರು. ಒಂದೊಂದು ತುಟಿ ನಮ್ಮ ಮನೆಯ ಬಾಗಿಲಷ್ಟು ಅಗಲ. ಓದಬಾರದು ಎಂದರೂ ನಾನು ಓದದಿರುವುದು ಹೇಗೆ?

'ಇಲ್ಲಿ ಬಂದ ಮೇಲೆ ಕಿವಿಯೊಳಗಿನ ಕೂಗು ನಿಂತೋಯ್ತು ಕಣೆ,' ಎನ್ನುತ್ತಿದ್ದರು ಅತ್ತೆ. 'ಮನೇಲಿ ಬೆಳಗಿಂದ ಶುರುವಾದ್ರೆ ಗುಂಯ್ ಅಂತ ಒಂದೇ ಸಮ. ಎಲ್ಲ ನಿಶ್ಶಬ್ದ ಆದಷ್ಟೂ ಅದು ಜೋರಾಗುತ್ತೆ. ನಿದ್ದೆ ಅನ್ನೋದೇ ಮರ್ತೋಗಿದೆ.'

'ಸೊಸೆಗೆ ಹೇಳಬಾರದಾ?' ಎಂದರು ಲಾಳಿಯಕ್ಕ.

'ಏನಂತ ಹೇಳ್ಲಿ? ನನ್ನ ನೆಮ್ಮದಿಗೆ ಅಂತ ಬಾಗಿಲಿಗೆಲ್ಲ ಬಟ್ಟೆ ಸುತ್ತಿದಾಳೆ. ಮಗು ಕೈಲಿದ್ದ ಡ್ರಮ್ ಬಿಡಿಸಿ ದಿಂಬು ಕೊಟ್ಟಿದಾಳೆ. ಕೆಮ್ಮು ಬಂದ್ರೆ ಹೊರಗೋಗಿ ಕೆಮ್ತಾಳೆ. ಅಷ್ಟು ಮಾಡಿದೋಳಿಗೆ, ನಿನ್ನ ಮನೆ ನನ್ನ ತಿಂತಿದೆ ಅನ್ನೋಕೆ ಬಾಯಿ ಬರುತ್ತಾ? ಅದಕ್ಕಿಂತ ಸದ್ದಿಲ್ದೆ ನಿನ್ನ ಕೋಣೆಗೆ ಬಂದ್ಬಿಡ್ತೀನಿ. ಕೆಳಗೆ ತಗಡು ಬಡೀತಿದ್ರೆ ನಂಗೆ ಸಾಕು.'

ಕ್ಯಾಮೆರಾ ಬೇರೆಯವರ ಮೇಲೆ ಹೋಯಿತು. ಜನ ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು. ಮಗಳು ನನ್ನ ಕಿವಿಗೆ ಬಾಯಿ ಹಚ್ಚಿ ಕಿರುಚಿದಳು, "ಅಮ್ಮ, ಅಜ್ಜಿನ ನೋಡಿದ್ಯಾ? ಏನ್ ಹೇಳ್ತಿದ್ರು?"

ಮೇಷ್ಟ್ರಿಗೆ ಮಗಳನ್ನು ನೋಡಿಕೊಳ್ಳಿ ಎಂದು ಕೈಸನ್ನೆ ಮಾಡಿ ಎದ್ದೆ.

ಕುರ್ಚಿ ಸಾಲುಗಳ ಹಿಂದೆ ಕ್ರೀಡಾಂಗಣವನ್ನು ಸುತ್ತಿಕೊಂಡು ಹೋಗುವ ಓಣಿಯೊಂದಿತ್ತು. ತಿಂಡಿ ಅಂಗಡಿ, ಶೌಚಾಲಯದ ಸಾಲು, ಚೆಲ್ಲಿದ ತಂಪು ಪಾನೀಯ ಎಲ್ಲ ದಾಟಿ ಓಡಿದೆ. ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಬಟ್ಟೆ ಸುತ್ತುವಾಗ ಸುಮ್ಮನೆ ನೋಡುತ್ತ ನಿಂತಿದ್ದರಲ್ಲ, ಬೇಡ ಕಣೆ ಎಂದು ಒಂದು ಮಾತು ಅನ್ನಲು ಏನಾಗಿತ್ತು? ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುವವಳೇ ನಾನು? ಯೋಚಿಸಿದರೆ, ಒದೆಯುವವಳೇ. ಅದೂ ಅವರಿಗೆ ಗೊತ್ತಿತ್ತು.

ಎದುರು ಬ್ಲಾಕಿನ ಬಾಗಿಲಲ್ಲಿ ಹಳದಿ ಕೋಟಿನ ಕಾವಲುಗಾರ ಕೈ ಅಡ್ಡ ಹಿಡಿದ. ನನ್ನ ಟಿಕೆಟ್ ನೋಡಿ, ಇದು ಆ ಕಡೆಯದು ಎಂಬಂತೆ ಬೆರಳು ತೋರಿಸಿದ. ಒಳಗಿನಿಂದ ಸದ್ದು ಅಪ್ಪಳಿಸುತ್ತಿತ್ತು. ನನ್ನ ಅತ್ತೆ ಒಳಗಿದ್ದಾರೆ, ತುರ್ತು ಮಾತಾಡಬೇಕು ಎಂದೆ. ಅವನು ಕಿವಿ ಹತ್ತಿರ ತಂದ. ಮತ್ತೆ ಹೇಳಿದೆ. ಅವನ ಮುಖ ಒಮ್ಮೆಲೇ ಮೆತ್ತಗಾಯಿತು, ಕಣ್ಣಲ್ಲಿ ಕರುಣೆ ತುಂಬಿಕೊಂಡಿತು. ಎದೆಯ ಮೇಲೆ ಕೈಯಿಟ್ಟು, ನಿಧಾನಕ್ಕೆ ತಲೆಯಾಡಿಸಿ, ಬಾಗಿಲು ತೆರೆದು ದಾರಿ ಬಿಟ್ಟ. ನಾಲ್ಕು ಹೆಜ್ಜೆ ಹೋದ ಮೇಲೆ ಗೊತ್ತಾಯಿತು, ಗಡಿಬಿಡಿಯಲ್ಲಿ ನಾನು ದನಿಯನ್ನೇ ತೆಗೆದಿರಲಿಲ್ಲ. ಪಾಪ ಅವನು ನನ್ನನ್ನು ಮೂಗಿ ಎಂದುಕೊಂಡಿದ್ದ.

ಮೆಟ್ಟಿಲಿಳಿಯುತ್ತ ಮಾತು ಜೋಡಿಸಿಕೊಂಡೆ. ಚೀಲದ ವಿಷಯದಿಂದ ಶುರು ಮಾಡಬೇಕು, ಫೋಟೊ ಇಳಿಸಿದ್ದನ್ನು ಕೇಳಬೇಕು, ನಾನೇನು ಹೊರಗಿನವಳೇ ಎಂದು ಕೇಳಬೇಕು. ಸಾಲಿನ ಕೊನೆಯಲ್ಲಿ ಲಾಳಿಯಕ್ಕನ ಬಿಳಿ ಬೂಟು ಕಂಡಿತು. ಜನರ ಮೊಣಕಾಲು ಸವರಿಕೊಂಡು ಹತ್ತಿರ ಹೋಗಿ, ಬಗ್ಗಿ ಅತ್ತೆಯ ಮುಖ ನೋಡಿದೆ.

ಅತ್ತೆ ನಿದ್ದೆ ಹೋಗಿದ್ದರು.

ಸುಮ್ಮನೆ ಕಣ್ಣು ಮುಚ್ಚಿದ್ದಲ್ಲ. ತಲೆ ಲಾಳಿಯಕ್ಕನ ಹೆಗಲಿಗೆ ಬಿದ್ದಿತ್ತು, ಬಾಯಿ ತೆರೆದಿತ್ತು, ಸದಾ ಟಕಟಕ ಎನ್ನುವ ಬೆರಳುಗಳು ಮಡಿಲಲ್ಲಿ ಸತ್ತಂತೆ ಬಿದ್ದಿದ್ದವು. ತಲೆಯ ಮೇಲೆ ಕೆಂಪು ನೀಲಿ ದೀಪಗಳು ಹೊರಳಾಡುತ್ತಿದ್ದವು, ಸುತ್ತ ಜನ ಗಂಟಲು ಹರಿಯುವಂತೆ ಕೂಗುತ್ತಿದ್ದರು, ಸ್ಪೀಕರಿನ ಏಟಿಗೆ ಅವರ ಹಣೆಯ ಕೂದಲು ಅದುರುತ್ತಿತ್ತು. ಅವರು ಕೂಸಿನಂತೆ ಮಲಗಿದ್ದರು. ನಮ್ಮ ಮನೆಯಲ್ಲಿ, ನಾನು ಹಾಸಿದ ಹಾಸಿಗೆಯಲ್ಲಿ ಒಂದು ದಿನವೂ ಹೀಗೆ ಮಲಗಿದ್ದನ್ನು ನಾನು ಕಂಡಿಲ್ಲ. ಅಳು ಬಂತು.

'ಈಗ ತಾನೆ ಮಲಗಿದ್ಳು. ಎಬ್ಬಿಸಬೇಡ,' ಎಂದರು ಲಾಳಿಯಕ್ಕ, ತುಟಿಯಲ್ಲೇ.

'ಎಬ್ಬಿಸಲ್ಲ. ಇವರನ್ನ ಯಾವತ್ತು ಕರ್ಕೊಂಡು ಹೋಗ್ತಿದ್ದೀರಿ?'

'ನಿಂಗ್ಯಾರು ಹೇಳಿದ್ದು?'

ನಾನು ಪರದೆ ತೋರಿಸಿದೆ. ಲಾಳಿಯಕ್ಕ ಪರದೆ ನೋಡಿದರು, ಅದರಲ್ಲಿ ಕುಣಿಯುತ್ತಿದ್ದ ಯಾರದೋ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ನಾಲಿಗೆ ಕಚ್ಚಿಕೊಂಡು ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡರು. ಇಷ್ಟು ವರ್ಷ ಯಾವ ಮೇಲ್ವಿಚಾರಕನಿಗೂ ಸಿಕ್ಕಿಬೀಳದವರು ಈಗ ಸಿಕ್ಕಿಬಿದ್ದಿದ್ದರು.

ಅಷ್ಟರಲ್ಲಿ ಹಾಡು ಮುಗಿಯಿತು. ವೇದಿಕೆ ಕತ್ತಲಾಯಿತು, ಹಾಡುಗಾರನ ಮೇಲೆ ಮಾತ್ರ ಒಂದು ಬಿಳಿ ದೀಪ. ಅವನು ಸುಮ್ಮನಿರಿ ಎಂಬಂತೆ ಕೈ ಎತ್ತಿದ. ಅಷ್ಟೂ ಜನ ಉಸಿರು ಬಿಗಿಹಿಡಿ‌ದರು.

ಅತ್ತೆ ದಡಕ್ಕನೆ ಎದ್ದು ಕೂತರು.

"ಏನಾಯ್ತು? ಕರೆಂಟ್ ಹೋಯ್ತಾ?"

ಮಗ್ಗ ನಿಂತಾಗ ಗಿರಣಿಯವರು ಏಳುವುದು ಹಾಗೆಯೇ. ಸುತ್ತಲಿನವರು ನಕ್ಕರು. ಅತ್ತೆಗೆ ಮೊದಲು ಲಾಳಿಯಕ್ಕ ಕಂಡರು, ಆಮೇಲೆ ನಾನು. ನನಗೆ ತಡೆದುಕೊಳ್ಳಲಾಗಲಿಲ್ಲ.

"ಚೀಲ ಕಟ್ಟಿಟ್ಟಿದ್ದೀರಲ್ಲ ಅತ್ತೆ, ಮಾವನ್ನೂ ಸುತ್ತಿಟ್ಟಿದ್ದೀರಲ್ಲ," ಎಂದುಬಿಟ್ಟೆ, ಬಾಯಿ ಬಿಟ್ಟು, ದೊಡ್ಡ ದನಿಯಲ್ಲೇ.

ಮುಂದಿನ ಸಾಲಿನ ಹುಡುಗನೊಬ್ಬ ತಿರುಗಿ, ತುಟಿಯ ಮೇಲೆ ಬೆರಳಿಟ್ಟು, "ಶ್," ಎಂದ. ನನ್ನ ಇಡೀ ನೌಕರಿಯಲ್ಲಿ ನನಗೆ ಯಾರೂ ಹಾಗೆ ಅಂದಿರಲಿಲ್ಲ. ಉಳಿದದ್ದನ್ನು ತುಟಿಯಲ್ಲೇ ಆಡಿದೆವು.

'ಯಾರು ಹೇಳಿದ್ರು?' ಎಂದರು ಅತ್ತೆ.

'ನೀವೇ. ಇಡೀ ಊರಿಗೆ ಕಾಣೋ ಹಾಗೆ. ಓದೋಕೆ ಬಂದಿದ್ದು ನನಗೊಬ್ಬಳಿಗೆ.'

ಅವರ ಮುಖ ಬಿಳುಚಿಕೊಂಡಿತು. 'ನಿಂಗೆ ನೋವಾಗುತ್ತೆ ಅಂತ ಹೇಳ್ಲಿಲ್ಲ ಕಣೆ.'

'ನೋವಲ್ಲ, ಸಿಟ್ಟು. ನಿಮಗೋಸ್ಕರ ಸರಿಯಾಗಿ ಸೀನಿದ್ದೂ ಇಲ್ಲ ನಾನು.'

'ಗೊತ್ತು. ಅದಕ್ಕೇ ಕಷ್ಟ ಆಗಿದ್ದು.'

'ಸದ್ದು ಮಾಡಿದ್ರೆ ಇರ್ತೀರಾ?'

ಹಾಡುಗಾರ ಏನೋ ಮೆಲ್ಲಗೆ ಗುನುಗುತ್ತಿದ್ದ. ಅತ್ತೆ ನನ್ನ ಕೈ ಹಿಡಿದು, ಅದರ ಹಿಂಭಾಗವನ್ನು ಬೆರಳಿನಿಂದ ಟಕಟಕ ಬಡಿಯುತ್ತ ಕೂತರು. ಆಮೇಲೆ, 'ನೋಡೋಣ,' ಎಂದರು. ನಮ್ಮತ್ತೆಯ ನೋಡೋಣ ಎಂಬುದು ಹೌದೂ ಅಲ್ಲ, ಇಲ್ಲವೂ ಅಲ್ಲ. ಮುಂದಿನ ಹಾಡು ಸಿಡಿಯುವ ತನಕ ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದೆ. ಸಿಡಿಯಿತು, ಅವರ ಕಣ್ಣು ಮತ್ತೆ ತೂಗತೊಡಗಿತು, ನಾನು ಎದ್ದು ಮಗಳ ಹತ್ತಿರ ಹೋದೆ. ಹಳದಿ ಕೋಟಿನವನು ಈ ಸಲವೂ ಎದೆಯ ಮೇಲೆ ಕೈಯಿಟ್ಟು ಕಳಿಸಿಕೊಟ್ಟ.

ಮರುದಿನ ಬೆಳಿಗ್ಗೆ ಬಾಗಿಲುಗಳ ಬಟ್ಟೆಯನ್ನೆಲ್ಲ ಕಿತ್ತು ರಾಶಿ ಹಾಕಿ, ಮುಂಬಾಗಿಲನ್ನು ಇದ್ದ ಬಲವೆಲ್ಲ ಹಾಕಿ ಬಡಿದೆ. ಯಜಮಾನರು ಹಾಸಿಗೆಯಿಂದ ಓಡಿ ಬಂದು, "ಏನು, ಇಬ್ರೂ ಜಗಳ ಆಡಿದ್ರಾ?" ಎಂದರು. ಅವರ ಮುಖದಲ್ಲಿ ಹಳೆಯ ಧೈರ್ಯ ಮರಳಿತ್ತು. ಆ ವಾರವೇ ಡ್ರಮ್ ಸೆಟ್ ಮನೆಗೆ ಬಂತು. ಕೆಳಗಿನ ಮನೆಯವರ ಹತ್ತಿರ ಹೋಗಿ ಕೈಮುಗಿದು, ಹಗಲು ಹೊತ್ತು ಮಾತ್ರ ಎಂದು ಒಪ್ಪಿಸಿ ಬಂದೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈಗ ಮಧ್ಯಾಹ್ನ ಚಾವಣಿ ನೋಡುತ್ತ ಬಿದ್ದುಕೊಳ್ಳುವವಳು ನಾನು. ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ಓಡಾಡುವವಳೂ ನಾನೇ. ತಲೆ ಸಿಡಿಯುತ್ತದೆ. ಲೈಬ್ರರಿಗೆ ಹೋದರೆ ಜೀವ ಬಂದಂತಾಗುತ್ತದೆ. ಮಾವನ ಫೋಟೊ ಇನ್ನೂ ಗೋಡೆಗೆ ಬಂದಿಲ್ಲ, ಅತ್ತೆ ಇನ್ನೂ ನೋಡೋಣ ಎಂದೇ ಅನ್ನುತ್ತಾರೆ. ನಾನು ಇನ್ನೂ ದಿನಾ ಬಗ್ಗಿ ಮಂಚದ ಕೆಳಗೆ ನೋಡುತ್ತೇನೆ.

ಕಳೆದ ಭಾನುವಾರವೂ ಹಾಗೇ ಬಗ್ಗಿದ್ದೆ. ಆಚೆ ಕೋಣೆಯಲ್ಲಿ ಮಗಳು ಧಡಧಡ ಬಾರಿಸುತ್ತಿದ್ದಳು, ಕಿಟಕಿಯ ಗಾಜು ಅದುರುತ್ತಿತ್ತು. ಮಂಚದ ಮೇಲೆ ಅತ್ತೆ ಬಾಯಿ ತೆರೆದು ಮಲಗಿದ್ದರು. ಚೀಲ ಅಲ್ಲೇ ಇತ್ತು, ಆದರೆ ಚಪ್ಪಟೆಯಾಗಿತ್ತು. ಎಳೆದು ನೋಡಿದೆ. ಬಟ್ಟೆಯಿಲ್ಲ, ಮಾತ್ರೆಯಿಲ್ಲ, ಫೋಟೊ ಒಂದೇ ಉಳಿದಿತ್ತು. ಅದನ್ನು ಎದೆಗೊತ್ತಿಕೊಂಡು, ಮತ್ತೊಂದು ಕೈಯಲ್ಲಿ ಸಿಡಿಯುವ ಹಣೆ ಒತ್ತಿಕೊಂಡು ಆ ಕೋಣೆಗೆ ಬಂದೆ. ಮಗಳು ನನ್ನ ಮುಖ ನೋಡಿ ಕೋಲನ್ನು ಗಾಳಿಯಲ್ಲೇ ನಿಲ್ಲಿಸಿದಳು.

"ತಲೆನೋವಾ ಅಮ್ಮ? ಅಜ್ಜಿನೂ ಮಲಗಿದಾರೆ. ನಿಲ್ಲಿಸ್ಲಾ?"

ಒಳಗೆ ಮಂಚ ಕಿರ್ ಎಂದಿತು.

"ನಿಲ್ಲಿಸಬೇಡ, ಬಾರಿಸು," ಎಂದೆ. "ನಿಮ್ಮಜ್ಜಿ ಎದ್ದುಬಿಡ್ತಾರೆ."